ಹಿಮಾಲಯವನ್ನು ನಡೆದು ಓದಿದ ವಲ್ದಿಯಾ ನಮ್ಮ ಮಕ್ಕಳಿಗೂ ಗೊತ್ತಾಗಲಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಮಕ್ಕಳ ಪುಟದಲ್ಲಿ ಹಿಮಾಲಯ ಹುಟ್ಟಿದ್ದು ಹೇಗೆ ಅಂತ ಒಂದು ಲೇಖನ ಬಂದಿತ್ತು. ಚೆನ್ನಾಗಿತ್ತು. ಭಾರತದ ಭೂಫಲಕ ದಕ್ಷಿಣದಿಂದ ಸರಿದು ಬಂದದ್ದು, ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಗುದ್ದಿದ್ದು, ನಡುವೆ ಇದ್ದ ಟೆಥಿಸ್ ಸಮುದ್ರ ಮುಚ್ಚಿಹೋಗಿ ಅದರ ತಳವೇ ಮೇಲೆದ್ದು ಬೆಟ್ಟವಾದದ್ದು, ಎಲ್ಲ ಸರಿಯಾಗಿಯೇ ಇತ್ತು. ನನ್ನ ಮೊಮ್ಮಗಳು ಅದನ್ನು ಎರಡು ಸಲ ಓದಿದಳು. ಆಮೇಲೆ ಕೇಳಿದಳು, "ಅಮ್ಮಮ್ಮ, ಇದನ್ನೆಲ್ಲ ಯಾರು ಹೋಗಿ ನೋಡ್ಕೊಂಡು ಬಂದ್ರು?"

ಲೇಖನದಲ್ಲಿ ಒಬ್ಬರ ಹೆಸರೂ ಇರಲಿಲ್ಲ. ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನಾನೂ ಅಷ್ಟು ವರ್ಷ ಈ ಪಾಠವನ್ನು ಹೆಸರಿಲ್ಲದೆಯೇ ಮಾಡಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಹೇಳಬೇಕು ಅಂದುಕೊಂಡಿರುವುದು ಭೂವಿಜ್ಞಾನಿ ಖಡ್ಗ್ ಸಿಂಗ್ ವಲ್ದಿಯಾ ಅವರ ಬಗ್ಗೆ. ಹಿಮಾಲಯದ, ಅದರಲ್ಲೂ ಉತ್ತರಾಖಂಡದ ಕುಮಾವೂಂ ಭಾಗದ ಬೆಟ್ಟಗಳು ಹೇಗೆ ಕಟ್ಟಿಕೊಂಡವು ಅಂತ ಜೀವನಪೂರ್ತಿ ಹುಡುಕಿದವರು. ಅವರು ತೀರಿಕೊಂಡದ್ದು 2020ರ ಸೆಪ್ಟೆಂಬರ್ 29ರಂದು, ನಮ್ಮ ಬೆಂಗಳೂರಿನಲ್ಲೇ. 1995ರಿಂದ ಅವರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿದ್ದರು. ಹತ್ತಿರ ಹತ್ತಿರ 25 ವರ್ಷ ನಮ್ಮ ನಡುವೆ ಇದ್ದರು ಅಂತಾಯಿತು. ಸುಮ್ನೆ ಇದ್ದು ಹೋದವರೂ ಅಲ್ಲ. ನಮ್ಮ ಕಾವೇರಿಯನ್ನು, ನಮ್ಮ ಸಹ್ಯಾದ್ರಿಯನ್ನು ಹಿಮಾಲಯ ನೋಡಿದ ಕಣ್ಣಿನಲ್ಲೇ ನೋಡಿ ಬರೆದರು. ಆದರೂ ನಮ್ಮ ಕಡೆ ಎಷ್ಟು ಜನರಿಗೆ ಅವರ ಹೆಸರು ಗೊತ್ತು? ನನಗೇ ಗೊತ್ತಾದದ್ದು ಅವರು ಹೋದ ಮೇಲೆ.

ಅವರು ಹುಟ್ಟಿದ್ದು 1937ರ ಮಾರ್ಚ್ 20ರಂದು, ಆಗಿನ ಬರ್ಮಾದ ಕಲಾವ್ ಎಂಬ ಊರಿನಲ್ಲಿ. ಯುದ್ಧದ ಕಾಲ ಮುಗಿದ ಮೇಲೆ ಕುಟುಂಬ ತಮ್ಮ ಮೂಲ ಊರು ಪಿಥೋರಗಢಕ್ಕೆ ವಾಪಸು ಬಂತು. ಈಗಿನ ಉತ್ತರಾಖಂಡದ ಪೂರ್ವ ಮೂಲೆ ಅದು, ಕಾಳಿ ನದಿ ದಾಟಿದರೆ ನೇಪಾಳ. ಎಳೆ ವಯಸ್ಸಿನಲ್ಲೇ ಅವರ ಕಿವಿ ಮಂದವಾಗಿತ್ತು. ಮೇಷ್ಟ್ರು ಹೇಳಿದ್ದು ಪೂರ್ತಿ ಕೇಳಿಸದ ಒಬ್ಬ ಹುಡುಗ ಲಖನೌ ವಿಶ್ವವಿದ್ಯಾಲಯಕ್ಕೆ ಹೋಗಿ ಭೂವಿಜ್ಞಾನ ಓದಿ, 1957ರಲ್ಲಿ ಅಲ್ಲೇ ಅಧ್ಯಾಪಕನಾಗಿ, 1963ರಲ್ಲಿ ಪಿಎಚ್‌ಡಿ ಮುಗಿಸಿದ್ದು ನನಗೆ ದೊಡ್ಡ ವಿಷಯ. ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದ ಇಬ್ಬರು ಮಕ್ಕಳನ್ನು ನಾನೇ ಕಂಡಿದ್ದೇನೆ. ಅವರಿಗೆ ಆಗ ಈ ಕಥೆ ಹೇಳಬಹುದಿತ್ತಲ್ಲ ಅಂತ ಈಗ ಅನ್ನಿಸುತ್ತದೆ.

ಅವರು ಮಾಡಿದ್ದೇನು ಅಂತ ಹೇಳುತ್ತೇನೆ. ಸಾಧ್ಯವಾದಷ್ಟು ಸುಲಭವಾಗಿ ಹೇಳಲು ನೋಡುತ್ತೇನೆ.

ಬೆಟ್ಟ ಅಂದರೆ ನಮಗೆ ಒಂದು ಗುಡ್ಡೆ. ಕೆಳಗಿನ ಕಲ್ಲು ಹಳೆಯದು, ಮೇಲಿನ ಕಲ್ಲು ಹೊಸದು ಅಂತ ಅಂದುಕೊಳ್ಳುತ್ತೇವೆ. ಕೆರೆಯಲ್ಲಿ ಹೂಳು ತುಂಬುವುದು ಹಾಗೇ ಅಲ್ವಾ, ಮೊದಲು ಬಿದ್ದದ್ದು ಕೆಳಗೆ. ಹಿಮಾಲಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಎಷ್ಟೋ ಕಡೆ ಭೂಮಿಯ ಆಳದಲ್ಲಿ ಬೆಂದು ಗಟ್ಟಿಯಾದ ಹಳೇ ಬಂಡೆ ಮೇಲೆ ಕೂತಿದೆ, ಅಷ್ಟಾಗಿ ಬೇಯದ ಬಂಡೆ ಕೆಳಗಿದೆ. ಕುಮಾವೂಂನ ಅಲ್ಮೋಡಾ ಪಟ್ಟಣ ಇರುವ ಬಂಡೆಯೇ ಆ ಜಾಗದ್ದಲ್ಲ. ಹತ್ತಾರು ಕಿಲೋಮೀಟರ್ ಉತ್ತರದಿಂದ ತಳ್ಳಿಸಿಕೊಂಡು ಬಂದು ಅಲ್ಲಿ ಕೂತ ಕಲ್ಲುಹಾಸು ಅದು.

ಇದು ಹೇಗೆ ಅಂತ ಮೊಮ್ಮಗಳಿಗೆ ತೋರಿಸಲು ಮೊದಲು ಚಾಪೆ ತಂದೆ. ಗೋಡೆಗೆ ಒತ್ತಿ ತಳ್ಳಿದರೆ ಚಾಪೆ ಮಡಿಕೆ ಮಡಿಕೆಯಾಗಿ ಏಳುತ್ತದೆ. ಅದು ಅರ್ಧ ಕಥೆ ಮಾತ್ರ. ಉಳಿದ ಅರ್ಧಕ್ಕೆ ಅಂಗಳದಲ್ಲಿದ್ದ ಹಂಚು ಬೇಕಾಯಿತು. ಮಾಡು ರಿಪೇರಿಗೆ ಇಳಿಸಿದ ಮಂಗಳೂರು ಹಂಚುಗಳನ್ನು ಒಂದಕ್ಕೊಂದು ಒರಗಿಸಿ ಸಾಲಾಗಿ ಇಟ್ಟಿದ್ದೆವು. ಒಂದರ ಬೆನ್ನ ಮೇಲೆ ಇನ್ನೊಂದು, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡು. ಹಿಮಾಲಯದ ಕಲ್ಲುಹಾಸುಗಳೂ ಹೆಚ್ಚುಕಡಿಮೆ ಹೀಗೇ ಒರಗಿವೆ. ಒಂದು ಹಂಚಿಗೂ ಇನ್ನೊಂದು ಹಂಚಿಗೂ ನಡುವಿನ ಸಂದಿ ಇದೆಯಲ್ಲ, ಅದನ್ನು ಭೂವಿಜ್ಞಾನಿಗಳು ಥ್ರಸ್ಟ್ ಅನ್ನುತ್ತಾರೆ. ಒಂದು ಜಾತಿಯ ಸ್ತರಭಂಗ ಅದು, ಅಂದರೆ ಬಂಡೆ ಸೀಳಿ ಸರಿದ ಬಿರುಕು. ಕಲ್ಲು ಕಲ್ಲಿನ ಮೇಲೆ ಹತ್ತಿ ಜಾರಿದ ಜಾಗ. ಅಲ್ಲಿ ಬಂಡೆ ನುಜ್ಜುಗುಜ್ಜಾಗಿರುತ್ತದೆ.

ಈ ಸಂದಿಗಳು ಎಲ್ಲಿವೆ, ಯಾವ ಹಂಚು ಎಲ್ಲಿ ಮುಗಿಯುತ್ತದೆ ಅಂತ ಹುಡುಕುವುದೇ ಕೆಲಸ. ಮೇಲೆ ಕಾಡು, ಗದ್ದೆ, ಊರು ಎಲ್ಲ ಕೂತಿರುವಾಗ ಅದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ವಲ್ದಿಯಾ ಅವರಿಗಿಂತ ಮೊದಲೂ ಇದನ್ನು ಹುಡುಕಿದವರಿದ್ದರು. ಸ್ವಿಟ್ಜರ್ಲೆಂಡಿನ ಆರ್ನಾಲ್ಡ್ ಹೈಮ್ ಮತ್ತು ಅಗಸ್ಟೋ ಗ್ಯಾನ್ಸರ್ 1936ರಲ್ಲಿ ಇಲ್ಲಿಗೆ ಬಂದು ಇದೇ ಕುಮಾವೂಂ ಬೆಟ್ಟಗಳಲ್ಲಿ ಅಲೆದರು, ಗ್ಯಾನ್ಸರ್ ಅಂತೂ ಯಾತ್ರಿಕರ ವೇಷದಲ್ಲಿ ಕೈಲಾಸದವರೆಗೂ ಹೋಗಿ ಬಂದರು. ನಮ್ಮ ಡಿ.ಎನ್. ವಾಡಿಯಾ ಕಾಶ್ಮೀರದ ಕಡೆ ಬೆಟ್ಟಸಾಲು ಹೇಗೆ ಗಕ್ಕನೆ ತಿರುಗುತ್ತದೆ ಅಂತ ಬಿಡಿಸಿದ್ದರು. ಇವರೆಲ್ಲ ದೊಡ್ಡವರೇ. ವಲ್ದಿಯಾ ಅವರ ವಿಶೇಷ ಅಂದರೆ ಅವರು ಆ ಬೆಟ್ಟದ ಮಗ. ಬಂದು ಹೋದವರಲ್ಲ. ಅದೇ ಕಣಿವೆಗಳಿಗೆ ಮತ್ತೆ ಮತ್ತೆ ಹೋಗುತ್ತಿದ್ದರು, ಸುತ್ತಿಗೆ, ಕಂಪಾಸು, ಭೂತಗನ್ನಡಿ, ನೋಟುಪುಸ್ತಕ ಹಿಡಿದುಕೊಂಡು, ನಡೆದು.

ಅವರ ಮೊದಲ ದೊಡ್ಡ ಕೆಲಸ ಗಂಗೋಲಿಹಾಟ್ ಎಂಬ ಜಾಗದ್ದು. ಪಿಥೋರಗಢ ಜಿಲ್ಲೆಯಲ್ಲೇ ಇದೆ. ಅಲ್ಲಿನ ಡಾಲಮೈಟ್ ಎಂಬ ಸುಣ್ಣಕಲ್ಲಿನ ಜಾತಿಯ ಬಂಡೆ ಎಷ್ಟು ಹಳೆಯದು ಅಂತ ಆಗ ಗೊಂದಲ ಇತ್ತು. ಬಹಳ ಜನ ಅದನ್ನು ತೀರ ಈಚಿನದು ಅಂದುಕೊಂಡಿದ್ದರು. ಆ ಬಂಡೆಯಲ್ಲಿ ವಲ್ದಿಯಾ ಅವರಿಗೆ ಸ್ಟ್ರೊಮ್ಯಾಟೊಲೈಟ್ ಸಿಕ್ಕವು. ಎಲೆಕೋಸನ್ನು ಅಡ್ಡ ಕೊಯ್ದರೆ ಒಳಗೆ ಪದರ ಪದರ ಕಾಣುತ್ತದಲ್ಲ, ಕಲ್ಲಿನಲ್ಲಿ ಹಾಗೆ ಕಾಣುವ ಗುರುತು ಅದು. ಆಳವಿಲ್ಲದ ಬೆಚ್ಚಗಿನ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಪಾಚಿಯ ಹಾಗೆ ಹರಡಿ, ಮೇಲೆ ಬಿದ್ದ ಕೆಸರನ್ನು ಹಿಡಿದು, ಅದರ ಮೇಲೆ ಮತ್ತೆ ಹರಡಿ, ಹೀಗೇ ಕಟ್ಟಿಕೊಂಡ ಪದರಗಳು. ಅವುಗಳ ಆಕಾರ ನೋಡಿ ಕಾಲ ಅಂದಾಜು ಮಾಡಬಹುದು. ಹಾಗೆ ನೋಡಿದಾಗ ಆ ಬಂಡೆ 100 ಕೋಟಿ ವರ್ಷಕ್ಕಿಂತಲೂ ಹಳೆಯದು ಅಂತಾಯಿತು. ಒಂದು ಕಲ್ಲಿನ ವಯಸ್ಸು ಬದಲಾದರೆ ಬೆಟ್ಟದ ಲೆಕ್ಕವೇ ಬದಲಾಗುತ್ತದೆ. ಯಾವುದು ಯಾವುದರ ಮೇಲೆ ಹತ್ತಿತು, ಯಾವುದು ಮೊದಲಿನಿಂದ ಅಲ್ಲೇ ಇತ್ತು, ಎಲ್ಲವನ್ನೂ ಮತ್ತೆ ಕೂತು ಜೋಡಿಸಬೇಕು. ಅವರು ಜೋಡಿಸಿದರು. ಅಂದಹಾಗೆ ಇಂಥ ಗುರುತುಗಳು ನಮ್ಮ ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲೂ ಇವೆ. ಅಲ್ಲಿನ ಶಿಕ್ಷಕರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಸಮುದ್ರದ ಮಾತು ಬಂತು. ಟೆಥಿಸ್ ಸಮುದ್ರ ಇತ್ತು ಅನ್ನುವುದಕ್ಕೆ ಸಾಕ್ಷಿ ಏನು ಅಂತ ಮೊಮ್ಮಗಳು ಕೇಳಿದಾಗ ನಾನು ದೇವರ ಮನೆಗೆ ಕರೆದುಕೊಂಡು ಹೋದೆ. ನಮ್ಮ ಸಂಪುಟದಲ್ಲಿ ಒಂದು ಸಾಲಿಗ್ರಾಮ ಇದೆ, ನನ್ನ ಅತ್ತೆಯವರ ಕಾಲಕ್ಕೂ ಹಿಂದಿನದು. ನುಣ್ಣಗೆ, ಕಪ್ಪಗೆ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಒಂದು ಬದಿಯಲ್ಲಿ ತೂತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಸುರುಳಿ, ಸುರುಳಿಯ ಮೇಲೆ ಏಣು ಏಣಾಗಿ ಗೆರೆ. ಅದು ಚಕ್ರ ಅಂತ ನಾವು ಪೂಜೆ ಮಾಡುತ್ತೇವೆ. ಅದೇ ಸುರುಳಿ ಅಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಅಚ್ಚು. ಸುಮಾರು 15 ಕೋಟಿ ವರ್ಷದ ಹಿಂದೆ ಟೆಥಿಸ್‌ನಲ್ಲಿ ಈಜಾಡಿಕೊಂಡಿದ್ದದ್ದು ಕೆಸರಿನಲ್ಲಿ ಹೂತು, ಕಲ್ಲಾಗಿ, ಬೆಟ್ಟದ ಜೊತೆ ಮೇಲೆದ್ದು, ನೇಪಾಳದ ಗಂಡಕಿ ನದಿಯಲ್ಲಿ ಉರುಳಿ ಉರುಳಿ ನುಣುಪಾಗಿ ಕರ್ನಾಟಕದ ಮನೆಗಳಿಗೆ ಬಂದಿದೆ. ಅವಳು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದಳು ಅಂದರೆ ನಾನೇ ಕೊನೆಗೆ ತೆಗೆದಿಡಬೇಕಾಯಿತು. ಇದರಿಂದ ನನ್ನ ಭಕ್ತಿ ಏನೂ ಕಡಿಮೆಯಾಗಿಲ್ಲ, ಇನ್ನೂ ಜಾಸ್ತಿಯೇ ಆಗಿದೆ.

ವಲ್ದಿಯಾ ಅವರ ಎರಡನೇ ದೊಡ್ಡ ಕೆಲಸ ಮೇನ್ ಸೆಂಟ್ರಲ್ ಥ್ರಸ್ಟ್ ಅನ್ನುವುದರ ಬಗ್ಗೆ. ಹಿಮ ಹೊದ್ದ ಎತ್ತರದ ಶಿಖರಗಳ ಸಾಲು, ಅದರ ದಕ್ಷಿಣಕ್ಕೆ ಇರುವ ತಗ್ಗಿನ ಬೆಟ್ಟಗಳು, ಇವೆರಡರ ನಡುವಿನ ದೊಡ್ಡ ಸಂದಿ ಇದು. ಇದನ್ನು ಮೊದಲು ಗುರುತಿಸಿ ಹೆಸರಿಟ್ಟವರು ಹೈಮ್ ಮತ್ತು ಗ್ಯಾನ್ಸರ್. ಆದರೆ ಅವರು ತೋರಿಸಿದ ಗೆರೆ ನಿಜವಾದ ಗಡಿಗಿಂತ ಕೆಳಗಿದೆ, ಅಲ್ಲಿರುವುದು ಮುನ್ಸಿಯಾರಿ ಥ್ರಸ್ಟ್, ಅದರ ಮೇಲೆ ಇನ್ನೊಂದು ಸಂದಿ ಇದೆ, ಅದನ್ನು ವೈಕೃತ ಥ್ರಸ್ಟ್ ಅನ್ನೋಣ, ಅದೇ ಅಸಲಿ ಗಡಿ ಅಂತ ವಲ್ದಿಯಾ ವಾದಿಸಿದರು. ಕುಮಾವೂಂ ತಗ್ಗು ಹಿಮಾಲಯದ ಮೇಲಿನ ಅವರ ದೊಡ್ಡ ಪುಸ್ತಕ ಬಂದದ್ದು 1980ರಲ್ಲಿ. ಈ ಗೆರೆಯನ್ನು ಎಲ್ಲಿ ಎಳೆಯಬೇಕು ಅಂತ ವಿಜ್ಞಾನಿಗಳು ಇವತ್ತಿಗೂ ವಾದ ಮಾಡುತ್ತಾರೆ. ಆದರೆ ವಾದಕ್ಕೆ ಕೂರುವವರು ವಲ್ದಿಯಾ ನಕ್ಷೆಯನ್ನು ಮುಂದಿಟ್ಟುಕೊಳ್ಳದೆ ಕೂರಲು ಆಗುವುದಿಲ್ಲ. ಅದಕ್ಕಿಂತ ಮೊದಲೇ, 1976ರಲ್ಲಿ, ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ಅದೇ ವರ್ಷ ಅವರದೊಂದು ಪ್ರಬಂಧವೂ ಬಂತು. ಹಿಮಾಲಯವನ್ನು ಅಡ್ಡಡ್ಡ ಸೀಳುವ ಬಿರುಕುಗಳಿಗೂ ಗಂಗಾ ಬಯಲಿನ ಮಣ್ಣಿನ ಅಡಿಯಲ್ಲಿ ಹುದುಗಿರುವ ಹಳೇ ಏಣುಗಳಿಗೂ ಸಂಬಂಧ ಇದೆ ಅಂತ ಅದರಲ್ಲಿ ತೋರಿಸಿದರು. ನನಗೆ ಇದು ಬಹಳ ಹಿಡಿಸಿತು. ಬೆಟ್ಟದ ಬುಡಕ್ಕೆ ಬಂದು ನಿಂತು ಮೇಲೆ ಮಾತ್ರ ನೋಡುವುದಲ್ಲ, ಕಾಲಡಿಗೂ ನೋಡಬೇಕು.

ಪ್ರಶಸ್ತಿ, ಹುದ್ದೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ನೈನಿತಾಲದ ಕುಮಾವೂಂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು, ಕುಲಪತಿಯೂ ಆಗಿದ್ದರು. 2007ರಲ್ಲಿ ಪದ್ಮಶ್ರೀ, 2015ರಲ್ಲಿ ಪದ್ಮಭೂಷಣ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಬೆಟ್ಟ ಹುಟ್ಟಿದ್ದು ಹೇಗೆ ಅಂತ ತಿಳಿದುಕೊಂಡು ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಬೆಟ್ಟ ಹುಟ್ಟಿ ಮುಗಿದಿಲ್ಲ ಅನ್ನುವುದನ್ನು ಅವರು ಎಲ್ಲರಿಗೂ ಹೇಳುತ್ತ ಹೋದರು. ಭಾರತ ಇವತ್ತಿಗೂ ಉತ್ತರಕ್ಕೆ ಒತ್ತುತ್ತಿದೆ. ಆ ಒತ್ತಿನಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ಹಿಮಾಲಯದ ಪಾಲಿಗೆ ಬರುತ್ತದೆ. ಮೊಮ್ಮಗಳಿಗೆ ಈಗ 11 ವರ್ಷ. ಅವಳು ಹುಟ್ಟಿದ ಮೇಲೆ ಹಿಮಾಲಯ ಒಂದು ಗೇಣು ಒತ್ತಿಕೊಂಡಿದೆ. ಅವಳದಲ್ಲ, ನನ್ನ ಗೇಣು. ಇಷ್ಟು ಒತ್ತಡ ಎಲ್ಲಿ ಹೋಗಬೇಕು? ಬಂಡೆಯಲ್ಲಿ ಕೂಡಿಕೊಂಡು ಒಂದು ದಿನ ಅದೇ ಸಂದಿಗಳಲ್ಲಿ ಬಿಡುಗಡೆಯಾಗುತ್ತದೆ. 1991ರ ಉತ್ತರಕಾಶಿ ಭೂಕಂಪ, 1999ರ ಚಮೋಲಿ ಭೂಕಂಪ, ಎರಡೂ ಮೇನ್ ಸೆಂಟ್ರಲ್ ಥ್ರಸ್ಟ್‌ನ ಆಸುಪಾಸಿನಲ್ಲೇ ಆದವು. ಬಿಸಿನೀರಿನ ಬುಗ್ಗೆಗಳೂ ಆ ಗೆರೆಯ ಉದ್ದಕ್ಕೂ ಸಿಗುತ್ತವೆ. ಕೇದಾರನಾಥಕ್ಕೆ ಹೋದವರು ಗೌರಿಕುಂಡ ನೆನಪು ಮಾಡಿಕೊಳ್ಳಿ.

ಇಂಥ ಜಾಗದಲ್ಲಿ ಅಣೆಕಟ್ಟು, ಸುರಂಗ, ಅಗಲದ ರಸ್ತೆ, ಹತ್ತು ಅಂತಸ್ತಿನ ಹೋಟೆಲು ಕಟ್ಟುವ ಮೊದಲು ಸಂದಿ ಎಲ್ಲಿದೆ ನೋಡಿ, ನುಜ್ಜುಗುಜ್ಜಾದ ಬಂಡೆ ಎಲ್ಲಿದೆ ನೋಡಿ, ನದಿ ಹಿಂದೆ ಎಲ್ಲಿವರೆಗೆ ಹರಿದಿತ್ತು ನೋಡಿ ಅಂತ ಅವರು ಹೇಳುತ್ತಿದ್ದರು. 2013ರ ಜೂನ್‌ನಲ್ಲಿ ಕೇದಾರನಾಥ ದುರಂತ ಆಯಿತು. ಅದರ ಮರುವರ್ಷ, ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಉತ್ತರಾಖಂಡದ ನದಿಗಳಿಗೆ ಅಣೆಕಟ್ಟು ಕಟ್ಟುವುದರ ಬಗ್ಗೆ ಬರೆದರು. ಇನ್ನೂ ಅಲುಗಾಡುತ್ತಿರುವ ಸ್ತರಭಂಗಗಳ ಪಕ್ಕದಲ್ಲೇ ಅಣೆಕಟ್ಟುಗಳು ಬರುತ್ತಿವೆ ಅನ್ನುವುದು ಅವರ ಆತಂಕ. ಆಗ ಅವರಿಗೆ 77 ವರ್ಷ. ಅವರು ತೀರಿಕೊಂಡ ನಾಲ್ಕೇ ತಿಂಗಳಿಗೆ, 2021ರ ಫೆಬ್ರುವರಿ 7ರಂದು, ಚಮೋಲಿಯ ಋಷಿಗಂಗಾ ಕಣಿವೆಯಲ್ಲಿ ಬಂಡೆ ಮತ್ತು ಹಿಮ ಕುಸಿದು ಪ್ರವಾಹ ಬಂತು, ಎರಡು ವಿದ್ಯುತ್ ಯೋಜನೆಗಳು ಕೊಚ್ಚಿಹೋದವು, 200ಕ್ಕೂ ಜಾಸ್ತಿ ಜನ ಸತ್ತರು ಅಥವಾ ಕಾಣೆಯಾದರು. 2023ರ ಜನವರಿಯಲ್ಲಿ ಜೋಶಿಮಠದ ಮನೆಗಳು ಬಿರುಕು ಬಿಟ್ಟವು. ಜೋಶಿಮಠ ಹಳೆಯ ಭೂಕುಸಿತದ ಮಣ್ಣಿನ ಮೇಲೆ ಕೂತ ಊರು ಅಂತ ಎಷ್ಟೋ ದಶಕಗಳ ಹಿಂದೆಯೇ ತಿಳಿದವರು ಬರೆದಿಟ್ಟಿದ್ದರು. ಓದಿದವರು ಯಾರು?

ನೈನಿತಾಲದ್ದೂ ಒಂದು ಹೇಳಲೇಬೇಕು. ವಲ್ದಿಯಾ ಬಹಳ ವರ್ಷ ಇದ್ದ ಊರು, ಅದರ ಗುಡ್ಡಗಳನ್ನು ಅವರು ಒಂದೊಂದಾಗಿ ನಕ್ಷೆ ಮಾಡಿದ್ದಾರೆ. ಅಲ್ಲಿ 1880ರ ಸೆಪ್ಟೆಂಬರ್ 18ರಂದು ದೊಡ್ಡ ಮಳೆಗೆ ಗುಡ್ಡ ಜಾರಿ 151 ಜನ ಸತ್ತರು. ಆಮೇಲೆ ಬ್ರಿಟಿಷರು ಗುಡ್ಡದ ಮೇಲಿನ ನೀರು ಒಳಗೆ ಇಂಗದೆ ಹೊರಗೆ ಹೋಗಲಿ ಅಂತ ಇಳಿಜಾರಿನ ಉದ್ದಕ್ಕೂ ಕಾಲುವೆ ಕಟ್ಟಿಸಿದರು. ಗುಡ್ಡ ಬೀಳುವುದು ಮಳೆಯಿಂದ ಅಂತ ನಾವು ಹೇಳಿಬಿಡುತ್ತೇವೆ. ಮಳೆ ಎಲ್ಲ ಗುಡ್ಡದ ಮೇಲೂ ಬೀಳುತ್ತದಲ್ಲ, ಎಲ್ಲವೂ ಯಾಕೆ ಬೀಳುವುದಿಲ್ಲ?

ಈ ಪ್ರಶ್ನೆಗೆ ಉತ್ತರ ನನಗೆ ನನ್ನ ಮನೆಯ ಹಿತ್ತಿಲಲ್ಲೇ ಸಿಕ್ಕಿತು. ಕಾರು ನಿಲ್ಲಿಸಲು ಜಾಗ ಬೇಕು ಅಂತ ನಾವು ಮನೆ ಹಿಂದಿನ ಧರೆಯನ್ನು, ಅಂದರೆ ಗುಡ್ಡದ ಮಣ್ಣಿನ ಏರನ್ನು, ಜೆಸಿಬಿಯಲ್ಲಿ ಕಡಿಸಿದ್ದೆವು. ಸುಮಾರು 14 ಅಡಿ, ಗೋಡೆಯ ಹಾಗೆ ನೆಟ್ಟಗೆ. 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಹುಯ್ದ ಮಳೆ ನಿಮಗೆ ನೆನಪಿರಬಹುದು. ಧರೆಯ ಮೇಲಿನ ಎರಡು ಅಡಿಕೆ ಮರ ಸ್ವಲ್ಪ ಓರೆಯಾಗಿದ್ದು ನಮ್ಮವರು ನೋಡಿದ್ದರು, ಗಾಳಿಗೆ ಅಂದುಕೊಂಡರು. ಧರೆಯ ಬುಡದಲ್ಲಿ ಯಾವಾಗಲೂ ತಿಳಿಯಾಗಿ ಜಿನುಗುತ್ತಿದ್ದ ನೀರು ಎರಡು ದಿನದಿಂದ ಕೆಂಪಗಾಗಿತ್ತು. ಮೂರನೇ ದಿನ ಬೆಳಗಿನ ಜಾವ ಧರೆ ಬಂತು. ಕೊಟ್ಟಿಗೆಯ ಗೋಡೆಯವರೆಗೂ ಮಣ್ಣು. ದನ ಉಳಿದವು, ನಾವೂ ಉಳಿದೆವು. ಬೆಳಕಾದ ಮೇಲೆ ಹೋಗಿ ನೋಡಿದರೆ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಬಿಳೀ ಶೇಡಿ ಮಣ್ಣು, ಸಾಬೂನಿನ ಹಾಗೆ ಜಾರುವಂಥದ್ದು. ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ಬಂದು ನಿಂತಿದೆ. ನಾವು ಬುಡ ಕಡಿದು ಆಧಾರ ತೆಗೆದಿದ್ದೇವೆ. ಇನ್ನೇನು ಬೇಕು ಜಾರಲು? 31 ವರ್ಷ ವಿಜ್ಞಾನ ಕಲಿಸಿದ ನನಗೆ ನನ್ನ ಹಿತ್ತಿಲಿನ ಮಣ್ಣಿನ ಪದರ ಗೊತ್ತಿರಲಿಲ್ಲ.

ಆಮೇಲೆಯೇ ನಾನು ಈ ಬಗ್ಗೆ ಓದಲು ಶುರು ಮಾಡಿದ್ದು. ಮರುವರ್ಷ ವಲ್ದಿಯಾ ತೀರಿಕೊಂಡಾಗ ಬಂದ ಬರಹಗಳಿಂದ ಅವರ ಹೆಸರು ಗೊತ್ತಾಯಿತು. ಮಗಳು ಅವರ ಕೆಲವು ಪ್ರಬಂಧಗಳನ್ನು ಹುಡುಕಿ ಪ್ರಿಂಟ್ ಹಾಕಿ ಕೊಟ್ಟಳು. ನಿಘಂಟು ಇಟ್ಟುಕೊಂಡು ಓದಿದೆ. ಅದರಲ್ಲಿ ನಮ್ಮ ಊರುಗಳ ಹೆಸರು ಕಂಡು ಬೆರಗಾಗಿಹೋದೆ. 2001ರಲ್ಲಿ ಅವರು ಮಧ್ಯ ಸಹ್ಯಾದ್ರಿ ಮತ್ತು ಅದಕ್ಕೆ ಅಂಟಿದ ಕರಾವಳಿಯ ನದಿಗಳ ಬಗ್ಗೆ ಬರೆದಿದ್ದಾರೆ. ಘಟ್ಟದ ಕಡಿದಾದ ಅಂಚು ಎಂದೋ ಆಗಿ ಸುಮ್ಮನಾದದ್ದಲ್ಲ, ನೆಲ ಇನ್ನೂ ಅಲುಗುತ್ತಿದೆ, ನದಿಗಳ ನಡಿಗೆಯಲ್ಲಿ ಅದು ಕಾಣುತ್ತದೆ ಅನ್ನುವುದು ಅವರ ಮಾತು. ಅದಕ್ಕೂ ಒಂದು ವರ್ಷ ಮೊದಲು ಕಾವೇರಿ ಬಗ್ಗೆ. ಮೈಸೂರು ಪ್ರಸ್ಥಭೂಮಿಯ ಕಾವೇರಿ ಬಯಲಿನಲ್ಲಿ ಒಂದು ಕಾಲಕ್ಕೆ ದೊಡ್ಡ ದೊಡ್ಡ ಸರೋವರಗಳು ಇದ್ದವಂತೆ. ಸ್ತರಭಂಗಗಳು ಮತ್ತೆ ಅಲುಗಿ, ನದಿ ಹೋಗುವ ದಾರಿಯಲ್ಲಿ ನೆಲ ಮೇಲೆದ್ದು, ನೀರು ಕಟ್ಟಿ ನಿಂತದ್ದು. ನಿಂತ ನೀರಿನ ಜೇಡಿಮಣ್ಣು ಈಗಲೂ ಅದಕ್ಕೆ ಸಾಕ್ಷಿ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸಾಲು ಮೇಲೆದ್ದದ್ದನ್ನೂ ಅವರು ಇದೇ ಕಥೆಗೆ ಸೇರಿಸುತ್ತಾರೆ. ನಮ್ಮವರೇ ಆದ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಕೂಡ ಮೈಸೂರು ಪ್ರಸ್ಥಭೂಮಿ ಮೇಲೆದ್ದಿರುವ ಬಗ್ಗೆ ಬಹಳ ಹಿಂದೆಯೇ ಬರೆದಿದ್ದರು.

ಇದನ್ನು ಎಲ್ಲ ಭೂವಿಜ್ಞಾನಿಗಳೂ ಒಪ್ಪಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನಮ್ಮ ದಖ್ಖನಿನ ನೆಲ ಬಹಳ ಹಳೆಯದು. ಲಾಲ್‌ಬಾಗಿನ ಬಂಡೆಗೇ ಸುಮಾರು 300 ಕೋಟಿ ವರ್ಷ, ಅದರ ಮುಂದೆ ಹಿಮಾಲಯ ತೊಟ್ಟಿಲಿನ ಕೂಸು. ಇಂಥ ನೆಲ ಗಟ್ಟಿಯಾಗಿ ಕೂತಿದೆ ಅನ್ನುವುದೇ ಬಹಳ ಜನರ ನಂಬಿಕೆ. ಕೂತಿಲ್ಲ, ಹೋಗಿ ನೋಡಿ ಅಂತ ಹೇಳಿದ ವಲ್ದಿಯಾ ಅವರ ಮಾತು ನನಗೆ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಹೋಗಿ ನೋಡದೆ ಇದ್ದುದರ ಬೆಲೆ ನಾವು ಕೊಟ್ಟಿದ್ದೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಹೆದ್ದಾರಿಗೆ ಗುಡ್ಡದ ಬುಡ ಕಡಿದ ಜಾಗ, ಕೆಳಗೆ ಗಂಗಾವಳಿ ಹೊಳೆ. ಚಹಾ ಕುಡಿಯಲು ನಿಂತವರು ಮಣ್ಣಿನಡಿ ಹೋದರು. ಅದಾಗಿ ಎರಡೇ ವಾರಕ್ಕೆ ಪಕ್ಕದ ವಯನಾಡು. ಇವು ಭೂಕಂಪದಿಂದ ಆದದ್ದಲ್ಲ, ನನಗೆ ಗೊತ್ತು. ಆದರೆ ಹಿಮಾಲಯದಲ್ಲಿ ವಲ್ದಿಯಾ ಕೇಳಿದ ಪ್ರಶ್ನೆಗಳೇ ಇಲ್ಲಿಗೂ ಬೇಕು. ಕೆಳಗಿನ ಪದರ ಯಾವುದು? ನೀರು ಎಲ್ಲಿ ನಿಲ್ಲುತ್ತದೆ? ಮೊದಲು ಇಲ್ಲಿ ಕುಸಿದ ಗುರುತು ಇದೆಯಾ? ಬುಡ ಕಡಿದರೆ ಮೇಲಿನದನ್ನು ಹಿಡಿಯುವುದು ಏನು?

ಇನ್ನೊಂದು ವಿಷಯ, ಮಲೆನಾಡಿನವರಿಗೆ ಹತ್ತಿರದ್ದು. ನೈನಿತಾಲದ ಕೆಳಗೆ ಹರಿಯುವ ಗೌಲಾ ನದಿಯ ಬೆಟ್ಟಗಳಲ್ಲಿ ಅವರು ತಮ್ಮ ವಿದ್ಯಾರ್ಥಿಯ ಜೊತೆ ಒರತೆಗಳನ್ನು ಅಳೆದರು. ನಮ್ಮ ಕಡೆ ಅಬ್ಬಿ ನೀರು ಅನ್ನುತ್ತೇವಲ್ಲ, ಅಂಥದ್ದು. ಎಷ್ಟೋ ಒರತೆಗಳಲ್ಲಿ ನೀರು ಇಳಿದಿತ್ತು, ಕೆಲವು ಬತ್ತಿಯೇ ಹೋಗಿದ್ದವು. ಬೆಟ್ಟ ಹುಟ್ಟುವ ಕಥೆ ಬರೆಯುವ ದೊಡ್ಡ ವಿಜ್ಞಾನಿ ಹಳ್ಳಿಯ ಹೆಂಗಸರು ಕೊಡ ಹಿಡಿಯುವ ಜಾಗಕ್ಕೆ ಹೋಗಿ ನಿಂತು ನೀರು ಅಳೆದಿದ್ದಾರೆ. ಕಾಡು ಕಡಿದರೆ ಮಳೆ ಇಂಗುವುದು ಕಡಿಮೆ, ಹರಿದು ಓಡುವುದು ಜಾಸ್ತಿ. ಜೊತೆಗೆ ಒಳಗಿನ ಬಂಡೆಯ ಬಿರುಕು ಎತ್ತ ಕಡೆ ವಾಲಿದೆ ಅನ್ನುವುದರ ಮೇಲೆ ಒರತೆ ಎಲ್ಲಿ ಏಳುತ್ತದೆ ಅನ್ನುವುದು ನಿಂತಿದೆ. ಈ ಕೆಲಸ 1980ರ ದಶಕದ್ದು. ನಮ್ಮ ಊರಿನಲ್ಲಿ ನಾನು ಮದುವೆಯಾಗಿ ಬಂದಾಗ ಏಪ್ರಿಲ್‌ನಲ್ಲೂ ಬರುತ್ತಿದ್ದ ಅಬ್ಬಿ ಈಗ ಶಿವರಾತ್ರಿಗೇ ನಿಲ್ಲುತ್ತದೆ. ಯಾರೂ ಅಳೆದಿಟ್ಟಿಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಮೂರು.

ಮಕ್ಕಳ ಪುಟದಲ್ಲಿ ವಲ್ದಿಯಾ ಅವರ ಬಗ್ಗೆ ಬರೆಸಿ. ಅವರು ಹಿಂದಿಯಲ್ಲಿ ಜನರಿಗಾಗಿ ಬಹಳ ಬರೆದಿದ್ದಾರೆ, ತಮ್ಮ ಬೆಟ್ಟದ ಮಕ್ಕಳಿಗೆ ವಿಜ್ಞಾನ ಹೇಳಲು ಇಳಿವಯಸ್ಸಿನಲ್ಲೂ ಬೆಂಗಳೂರಿನಿಂದ ಹೋಗಿ ಬರುತ್ತಿದ್ದರು. ಕನ್ನಡದಲ್ಲಿ ಅವರ ಬಗ್ಗೆ ಒಂದು ಚಿಕ್ಕ ಪುಸ್ತಕವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅವರ ಜೊತೆ ಕೆಲಸ ಮಾಡಿದವರು ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ. ಅವರನ್ನು ಮಾತಾಡಿಸಿ.

ಎರಡನೆಯದು, ಭೂಗರ್ಭಶಾಸ್ತ್ರ ಓದುವ ಬಗ್ಗೆ. ನಮ್ಮ ತಾಲ್ಲೂಕಿನಲ್ಲಿ ಪಿಯುಸಿಗೆ ಹೋಗುವ ಮಗುವಿಗೆ ಈ ವಿಷಯ ತೆಗೆದುಕೊಳ್ಳಲು ಒಂದೂ ಕಾಲೇಜಿಲ್ಲ. ಗುಡ್ಡ ಬೀಳುವ ಜಿಲ್ಲೆಯಲ್ಲೇ ಗುಡ್ಡದ ವಿಷಯ ಓದಲು ಆಗುವುದಿಲ್ಲ. ಮಲೆನಾಡು, ಕರಾವಳಿ, ಕೊಡಗಿನ ಕಾಲೇಜುಗಳಲ್ಲಿ ಎಷ್ಟು ಕಡೆ ಇದು ಇದೆ, ಎಷ್ಟು ಕಡೆ ಮುಚ್ಚಿದೆ ಅಂತ ನಿಮ್ಮ ವರದಿಗಾರರು ವಿಚಾರಿಸಿ ಬರೆದರೆ ನಮಗೆ ಕೇಳಲು ಒಂದು ಆಧಾರ ಸಿಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಬೇಗ ಆಗಬೇಕಾದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಗುಡ್ಡ ಕುಸಿಯುವ ಸಾಧ್ಯತೆ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ 1:50,000 ಪ್ರಮಾಣದಲ್ಲಿ ನಕ್ಷೆ ಮಾಡಿದ್ದಾರೆ. ಅದು ಇಂಗ್ಲಿಷಿನಲ್ಲಿ, ಕಂಪ್ಯೂಟರಿನೊಳಗೆ ಇದೆ. ಧರೆ ಕಡಿಸುವವರು, ಜೆಸಿಬಿ ಓಡಿಸುವವರು, ಪಂಚಾಯ್ತಿಯಲ್ಲಿ ಮನೆಗೆ ಪರವಾನಗಿ ಕೊಡುವವರು ಅದನ್ನು ನೋಡಿಲ್ಲ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ದಿನಕ್ಕೊಂದು ತಾಲ್ಲೂಕಿನಂತೆ ಆ ನಕ್ಷೆಯನ್ನು ಊರುಗಳ ಹೆಸರು ಕನ್ನಡದಲ್ಲಿ ಹಾಕಿ ನಿಮ್ಮ ಜಿಲ್ಲಾ ಪುಟದಲ್ಲಿ ಅಚ್ಚು ಮಾಡಿ. ನಮ್ಮ ತಾಲ್ಲೂಕಿನ ನಕ್ಷೆ ಬಂದ ದಿನ ಅದನ್ನು ಕತ್ತರಿಸಿ ಪಂಚಾಯ್ತಿ ಗೋಡೆಗೆ ಅಂಟಿಸುವ ಕೆಲಸ ನನ್ನದು, ಮೊಮ್ಮಗಳು ಗೋಂದು ಹಿಡಿದುಕೊಂಡು ಬರುತ್ತಾಳೆ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ